ಮರೆವೆಲ್ಲವೂ ಮುಪ್ಪಿನದಲ್ಲ
ಹಿರಿಯರಲ್ಲಿ ಬಿ12 ಕೊರತೆ: ಮಿದುಳು, ನರ ಮತ್ತು ರಕ್ತನಾಳಗಳ ಆರೋಗ್ಯ

ಇಂಥದೊಂದು ಮನೆ ನಮಗೆಲ್ಲ ಪರಿಚಿತ. ಎಪ್ಪತ್ತು ದಾಟಿದ ಅಜ್ಜಿ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಮಾತ್ರೆ. ಹೊಟ್ಟೆಯುರಿಗೆಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಮಾತ್ರೆ. ಕಳೆದ ಒಂದು ವರ್ಷದಿಂದ ಅವರು ಮೊದಲಿನಂತಿಲ್ಲ. ನಮಾಝಿನಲ್ಲಿ ಎಷ್ಟು ರಕಅತ್ ಆಯಿತೆಂಬುದು ಮರೆತುಹೋಗುತ್ತದೆ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಮೊಮ್ಮಕ್ಕಳ ಮೇಲೆ ವಿನಾಕಾರಣ ರೇಗುತ್ತಾರೆ. ಪಾದ ಜುಮುಜುಮು ಎನ್ನುತ್ತದೆ, ಹತ್ತಿಯ ಮೇಲೆ ನಡೆದ ಹಾಗಾಗುತ್ತದೆ ಎನ್ನುತ್ತಾರೆ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ವಯಸ್ಸಾಯಿತಲ್ಲ, ಇನ್ನು ಹೀಗೆಯೇ" ಎಂದು ಸುಮ್ಮನಾಗುತ್ತಾರೆ.

ವಯಸ್ಸಿನ ಕಾರಣವೂ ಇರಬಹುದು. ಆದರೆ ಹಾಗೆಂದು ತೀರ್ಮಾನಿಸುವ ಮೊದಲು ಒಂದು ರಕ್ತಪರೀಕ್ಷೆ ಆಗಲೇಬೇಕು. ಈ ಎಲ್ಲ ಲಕ್ಷಣಗಳ ಹಿಂದೆ ವಿಟಮಿನ್ ಬಿ12ರ ಕೊರತೆ ಇರಬಹುದು. ಹಿರಿಯರ ಮರೆವಿಗೆ ಇರುವ ಕಾರಣಗಳಲ್ಲಿ ಚಿಕಿತ್ಸೆಯಿಂದ ಸರಿಪಡಿಸಬಹುದಾದ ಕೆಲವೇ ಕಾರಣಗಳಲ್ಲಿ ಇದೂ ಒಂದು. ಆದರೆ ಸಮಯಕ್ಕೆ ಗುರುತಿಸಬೇಕು. ತಡವಾದಷ್ಟೂ ನರಗಳಿಗಾದ ಹಾನಿ ಶಾಶ್ವತವಾಗುವ ಸಾಧ್ಯತೆ ಹೆಚ್ಚು.

ಇದನ್ನು ಹೇಳಿದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು: "ಬಿ12 ಕೊರತೆ ಸಸ್ಯಾಹಾರಿಗಳಿಗಲ್ಲವೇ? ನಾವು ಮೀನು, ಮಾಂಸ ತಿನ್ನುವವರು. ನಮಗೆಲ್ಲಿಂದ ಬಂತು?" ಈ ನಂಬಿಕೆಯಿಂದಾಗಿಯೇ ಎಷ್ಟೋ ಮನೆಗಳಲ್ಲಿ ಪರೀಕ್ಷೆಯ ಯೋಚನೆಯೇ ಬರುವುದಿಲ್ಲ. ಆದ್ದರಿಂದ ಈ ಪ್ರಶ್ನೆಯಿಂದಲೇ ಆರಂಭಿಸೋಣ.

ಬಿ12 ಎಲ್ಲಿಂದ ಬರುತ್ತದೆ?

ಬಿ12 ಅನ್ನು ಗಿಡಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು ಮಾತ್ರ. ಆಡು, ಕುರಿ, ದನಗಳ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳು ತಯಾರಿಸಿದ ಬಿ12 ಆ ಪ್ರಾಣಿಗಳ ಯಕೃತ್ತು, ಮಾಂಸ ಮತ್ತು ಹಾಲಿಗೆ ಸೇರುತ್ತದೆ. ಅಲ್ಲಿಂದ ನಮಗೆ. ಮೀನು ಮತ್ತು ಮೊಟ್ಟೆಗಳಲ್ಲೂ ಇದೆ. ತರಕಾರಿ, ಬೇಳೆ, ಅಕ್ಕಿ, ಹಣ್ಣುಗಳಲ್ಲಿ ಇಲ್ಲ.

ನಮಗೆ ಬೇಕಾಗುವ ಪ್ರಮಾಣ ಅತ್ಯಲ್ಪ. ವಯಸ್ಕರಿಗೆ ದಿನಕ್ಕೆ ಸುಮಾರು 2ರಿಂದ 2.5 ಮೈಕ್ರೋಗ್ರಾಂ ಸಾಕು. ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲಿಗೆ ಒಂದು ಮೈಕ್ರೋಗ್ರಾಂ ಎನ್ನುತ್ತಾರೆ. ಜೊತೆಗೆ ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ದಾಸ್ತಾನೂ ಇರುತ್ತದೆ. ಆದ್ದರಿಂದಲೇ ಈ ಕೊರತೆ ಒಂದೆರಡು ತಿಂಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಒಳಗಿನ ದಾಸ್ತಾನು ವರ್ಷಗಟ್ಟಲೆ ಸದ್ದಿಲ್ಲದೆ ಕರಗಿ, ಕೊನೆಗೊಂದು ದಿನ ಲಕ್ಷಣಗಳು ಶುರುವಾಗುತ್ತವೆ. ನಿಧಾನವಾಗಿ ಬಂದದ್ದನ್ನು ನಾವು ಮುಪ್ಪು ಎಂದುಕೊಳ್ಳುತ್ತೇವೆ.

ತಟ್ಟೆಯಿಂದ ರಕ್ತದವರೆಗೆ

ತಿಂದ ಮಾಂಸದಲ್ಲಿರುವ ಬಿ12 ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಅದು ಮಾಂಸದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದಲ್ಲಿನ ಆಮ್ಲ ಮತ್ತು ಪಾಚಕ ರಸ ಅದನ್ನು ಬಿಡಿಸಬೇಕು. ಜಠರದ ಒಳಪದರ ಸ್ರವಿಸುವ ‘ಇಂಟ್ರಿನ್ಸಿಕ್ ಫ್ಯಾಕ್ಟರ್’ ಎಂಬ ಇನ್ನೊಂದು ಪ್ರೋಟೀನು ಅದರ ಕೈಹಿಡಿದು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಕರೆದೊಯ್ಯಬೇಕು. ಅಲ್ಲಿ ಮಾತ್ರ ಅದು ಚೆನ್ನಾಗಿ ಹೀರಲ್ಪಡುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ತಟ್ಟೆಯಲ್ಲಿ ಮಾಂಸವಿದ್ದೂ ರಕ್ತದಲ್ಲಿ ಬಿ12 ಇರುವುದಿಲ್ಲ.

ಇದು ಗೊತ್ತಾದ ಕಥೆ ಸ್ವಾರಸ್ಯಕರ. ನೂರು ವರ್ಷಗಳ ಹಿಂದೆ ‘ಪರ್ನೀಷಿಯಸ್ ಅನೀಮಿಯಾ’ ಎಂಬ ರಕ್ತಹೀನತೆ ಬಂದರೆ ಸಾವು ಖಚಿತ ಎಂಬ ಸ್ಥಿತಿಯಿತ್ತು. 1926ರಲ್ಲಿ ಅಮೆರಿಕದ ವೈದ್ಯರಾದ ಜಾರ್ಜ್ ಮೈನಟ್ ಮತ್ತು ವಿಲಿಯಂ ಮರ್ಫಿ ಇಂಥ 45 ರೋಗಿಗಳಿಗೆ ಪ್ರತಿದಿನ ಹೇರಳವಾಗಿ ಲಿವರ್ ತಿನ್ನಿಸಿ, ಅವರು ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. 1934ರಲ್ಲಿ ಜಾರ್ಜ್ ವಿಪಲ್ ಅವರೊಂದಿಗೆ ಇವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ಆರೋಗ್ಯವಂತರು ಇಷ್ಟೊಂದು ಲಿವರ್ ತಿನ್ನದೆಯೂ ಚೆನ್ನಾಗಿಯೇ ಇದ್ದಾರಲ್ಲ, ಏಕೆ? ಬಾಸ್ಟನ್ನಿನ ವಿಲಿಯಂ ಕ್ಯಾಸಲ್ ಎಂಬ ಯುವ ವೈದ್ಯ ಇದಕ್ಕೆ ಉತ್ತರ ಹುಡುಕಿದರು. ರೋಗಿಗಳಿಗೆ ದನದ ಮಾಂಸ ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. ನಂತರ ತಾವೇ ಮಾಂಸ ತಿಂದು, ಒಂದು ಗಂಟೆಯ ಬಳಿಕ ತಮ್ಮ ಜಠರದಿಂದ ಅದನ್ನು ಹೊರತೆಗೆದು, ಕೊಳವೆಯ ಮೂಲಕ ರೋಗಿಗಳ ಹೊಟ್ಟೆಗೆ ಸೇರಿಸಿದರು. ರೋಗಿಗಳ ರಕ್ತ ಸುಧಾರಿಸತೊಡಗಿತು! ಮಾಂಸ ಅದೇ. ಕೊರತೆ ಇದ್ದದ್ದು ರೋಗಿಯ ಜಠರದಲ್ಲಿ. 1929ರಲ್ಲಿ ಪ್ರಕಟವಾದ ಈ ಪ್ರಯೋಗವೇ "ನಾವು ಮಾಂಸ ತಿನ್ನುವವರಲ್ಲವೇ?" ಎಂಬ ಪ್ರಶ್ನೆಗೆ ಉತ್ತರ.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ವಯಸ್ಸಾದಂತೆ ಹಲವರಲ್ಲಿ ಜಠರದ ಒಳಪದರ ತೆಳುವಾಗಿ ಆಮ್ಲ ಕಡಿಮೆಯಾಗುತ್ತದೆ. ಆಗ ಆಹಾರದಲ್ಲಿನ ಬಿ12 ಬಿಡಿಸಿಕೊಳ್ಳುವುದು ಕಷ್ಟ. ಇದಲ್ಲದೆ ಈ ಕೆಳಗಿನವರಿಗೆ ಅಪಾಯ ಹೆಚ್ಚು:

• ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷಗಳಿಂದ ಸೇವಿಸುತ್ತಿರುವವರು. ಈ ಮಾತ್ರೆ ಕರುಳಿನಲ್ಲಿ ಬಿ12 ಹೀರಿಕೆಗೆ ಅಡ್ಡಿಯಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಈ ಬಗ್ಗೆ ವೈದ್ಯರಿಗೆ ಎಚ್ಚರಿಕೆಯನ್ನೇ ನೀಡಿದೆ.
• ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಆಮ್ಲ ಕುಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸುವವರು.
• ಜಠರದ ಅಥವಾ ಸಣ್ಣ ಕರುಳಿನ ಶಸ್ತ್ರಚಿಕಿತ್ಸೆ ಆದವರು, ಕರುಳಿನ ಕ್ಷಯದಂಥ ರೋಗ ಇರುವವರು.
• ಹಲ್ಲಿಲ್ಲದೆ, ಹಸಿವಿಲ್ಲದೆ, ಅಥವಾ ಒಬ್ಬರೇ ಇರುವ ಕಾರಣಕ್ಕೆ ಗಂಜಿ, ಚಹಾ, ಬಿಸ್ಕತ್ತಿನಲ್ಲೇ ದಿನ ಕಳೆಯುವ ಹಿರಿಯರು.

ಕೊನೆಯ ಗುಂಪಿನವರು ನಮ್ಮ ಮನೆಗಳಲ್ಲಿ ಬಹಳ ಮಂದಿ. ಮನೆಯಲ್ಲಿ ಮಾಂಸದಡುಗೆ ಆಗುತ್ತದೆ. ಆದರೆ ಅಜ್ಜ ಗಟ್ಟಿ ತುಂಡುಗಳನ್ನು ತಟ್ಟೆಯಂಚಿಗೆ ಸರಿಸಿ ಸಾರು ಮಾತ್ರ ಕಲಸಿಕೊಂಡು ಉಣ್ಣುತ್ತಾರೆ. ಅಜ್ಜಿ ಒಳ್ಳೆಯ ತುಂಡುಗಳನ್ನು ಮಕ್ಕಳಿಗೆ ಬಡಿಸಿ ತಾನು ಉಳಿದದ್ದರಲ್ಲಿ ತೃಪ್ತಿಪಡುತ್ತಾರೆ. ಮನೆಗೆ ಮಾಂಸ ಬರುತ್ತಿದೆ ಎಂಬುದನ್ನು ಬಿಟ್ಟು, ಅವರ ಹೊಟ್ಟೆಗೆ ಎಷ್ಟು ಹೋಗುತ್ತಿದೆ ಎಂಬುದನ್ನು ಒಂದು ವಾರ ಗಮನಿಸಿ ನೋಡಿ.

ಒಂದು ಎಚ್ಚರಿಕೆ: ಇದನ್ನು ಓದಿ ಯಾರೂ ಮೆಟ್‌ಫಾರ್ಮಿನ್ ಅಥವಾ ಇತರ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಸಕ್ಕರೆ ಹತೋಟಿ ತಪ್ಪಿದರೆ ಮಿದುಳು, ರಕ್ತನಾಳಗಳಿಗೆ ಆಗುವ ಹಾನಿ ಇನ್ನೂ ದೊಡ್ಡದು. ಬಿ12 ಪರೀಕ್ಷಿಸಿ, ಕೊರತೆಯಿದ್ದರೆ ತುಂಬಿಕೊಂಡರಾಯಿತು.

ನರಗಳಿಗೆ ಏನಾಗುತ್ತದೆ?

ವಿದ್ಯುತ್ ತಂತಿಯ ಮೇಲೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ನರತಂತುಗಳ ಸುತ್ತ ‘ಮಯಲಿನ್’ ಎಂಬ ಕೊಬ್ಬಿನ ಹೊದಿಕೆಯಿದೆ. ಇದರಿಂದಾಗಿಯೇ ಸಂದೇಶಗಳು ವೇಗವಾಗಿ ಸಾಗುತ್ತವೆ. ಈ ಹೊದಿಕೆ ಚೆನ್ನಾಗಿರಲು ಬಿ12 ಬೇಕು. ಕೊರತೆಯಾದಾಗ ಹೊದಿಕೆ ಕೆಡುತ್ತದೆ. ಮೊದಲು ಪಾದಗಳಲ್ಲಿ ಜುಮುಜುಮು, ಮರಗಟ್ಟುವಿಕೆ. ಎರಡೂ ಪಾದಗಳಲ್ಲಿ ಒಂದೇ ರೀತಿ ಕಾಣಿಸುವುದು ಸಾಮಾನ್ಯ. ಆಮೇಲೆ ಬೆನ್ನುಹುರಿಯ ಹಿಂಭಾಗದ ತಂತುಗಳಿಗೆ ಹಾನಿ. ಕಾಲು ಎಲ್ಲಿದೆ, ಹೇಗಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಈ ತಂತುಗಳೇ.

ಇದನ್ನು ಮನೆಯಲ್ಲೇ ಗುರುತಿಸಬಹುದಾದ ಒಂದು ಗಳಿಗೆಯಿದೆ. ನಿಂತಾಗ ನಾವು ಬೀಳದಂತೆ ಕಾಪಾಡುವುದು ಮೂರು: ಕಣ್ಣು, ಕಿವಿಯೊಳಗಿನ ಸಮತೋಲನದ ಅಂಗ, ಮತ್ತು ಕಾಲುಗಳಿಂದ ಬರುವ ಅರಿವು. ಕಾಲಿನ ಅರಿವು ಕುಂದಿದಾಗ ಹಿರಿಯರು ಹೆಚ್ಚಾಗಿ ಕಣ್ಣನ್ನೇ ನಂಬಿ ನಡೆಯುತ್ತಾರೆ. ವುಝೂ ಮಾಡುವಾಗ ಎರಡೂ ಕೈಗಳಲ್ಲಿ ನೀರು ತೆಗೆದುಕೊಂಡು ಕಣ್ಣು ಮುಚ್ಚಿ ಮುಖ ತೊಳೆಯುತ್ತೇವಲ್ಲ, ಆ ಕ್ಷಣದಲ್ಲಿ ಅವರು ತೂರಾಡುತ್ತಾರೆ, ಗೋಡೆ ಹುಡುಕುತ್ತಾರೆ. ಫಜ್ರ್‌ಗೆ ಎದ್ದು ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗಲೂ ಹೀಗೆಯೇ. ಚಪ್ಪಲಿ ಕಾಲಿನಿಂದ ಕಳಚಿಹೋದದ್ದು ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ. "ಕಣ್ಣು ಮುಚ್ಚಿದರೆ ಬಿದ್ದುಬಿಡುತ್ತೇನೆ ಅನಿಸುತ್ತದೆ" ಎಂದು ಹಿರಿಯರು ಹೇಳಿದರೆ ಅದನ್ನು ಬರೀ ತಲೆಸುತ್ತು ಎಂದು ತಳ್ಳಿಹಾಕಬೇಡಿ, ವೈದ್ಯರಿಗೆ ಅದೇ ಮಾತಿನಲ್ಲಿ ತಿಳಿಸಿ. ಪರೀಕ್ಷೆ, ಚಿಕಿತ್ಸೆ ಆಗುವವರೆಗೆ ವುಝೂ ಮಾಡಲು ಕೂರಲೊಂದು ಗಟ್ಟಿ ಸ್ಟೂಲು, ಹಿಡಿಯಲು ಗೋಡೆಗೊಂದು ಹಿಡಿಕೆ, ರಾತ್ರಿ ಬಚ್ಚಲ ದಾರಿಗೊಂದು ಸಣ್ಣ ದೀಪ ಇರಲಿ. ಸೊಂಟದ ಮೂಳೆ ಮುರಿಯದಂತೆ ಇಷ್ಟಾದರೂ ಮಾಡಬಹುದು.

ಮಿದುಳಿನಲ್ಲಿ ಕಾಣುವುದು ಮರೆವು, ಮಾತಿನ ನಡುವೆ ಪದ ಸಿಗದಿರುವುದು, ಯೋಚನೆ ನಿಧಾನವಾಗುವುದು, ಖಿನ್ನತೆ, ಸಿಡಿಮಿಡಿ, ಕೆಲವರಲ್ಲಿ ಸಂಶಯದ ಸ್ವಭಾವ, ಇಲ್ಲದ್ದನ್ನು ಕಂಡಂತೆ ಹೇಳುವುದು. ನಾಲಗೆ ಕೆಂಪಾಗಿ ನುಣುಪಾಗಿ ಉರಿಯುವುದು, ಬೆರಳ ಗೆಣ್ಣುಗಳು ಕಪ್ಪಾಗುವುದು, ಸದಾ ಆಯಾಸ ಇವೂ ಜೊತೆಗಿರಬಹುದು.

"ರಕ್ತ ಚೆನ್ನಾಗಿದೆ" ಎಂದರೆ ಸಾಲದು

ಬಿ12 ಕೊರತೆಯಿದ್ದರೆ ರಕ್ತಹೀನತೆ ಇದ್ದೇ ಇರಬೇಕು ಎಂಬುದು ಹಳೆಯ ತಿಳುವಳಿಕೆ. 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಬದಲಿಸಿತು. ಬಿ12 ಕೊರತೆಯಿಂದ ನರ ಅಥವಾ ಮನಸ್ಸಿನ ತೊಂದರೆಯಾಗಿದ್ದ 141 ರೋಗಿಗಳಲ್ಲಿ 40 ಮಂದಿಗೆ, ಅಂದರೆ ಶೇ. 28ರಷ್ಟು ಜನರಿಗೆ, ರಕ್ತಹೀನತೆಯೂ ಇರಲಿಲ್ಲ, ಕೆಂಪು ರಕ್ತಕಣಗಳು ದೊಡ್ಡದಾಗಿಯೂ ಇರಲಿಲ್ಲ. ಹಿಮೋಗ್ಲೋಬಿನ್ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಬಿ12 ಸರಿಯಿದೆ ಎಂದು ಹೇಳಲಾಗದು.

ಫೋಲಿಕ್ ಆಸಿಡ್ ಮಾತ್ರೆಯ ಮೋಸ

ಬಿ12ರ ಜೊತೆಗಾರ ಫೋಲೇಟ್. ಸೊಪ್ಪು, ಬೇಳೆಕಾಳುಗಳಲ್ಲಿ ಹೇರಳವಾಗಿರುವ ಈ ವಿಟಮಿನ್ನಿನ ಶೋಧಕ್ಕೂ ನಮ್ಮ ದೇಶಕ್ಕೂ ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದರು. ಅಲ್ಲಿನ ಬಡ ಗರ್ಭಿಣಿಯರ ತೀವ್ರ ರಕ್ತಹೀನತೆಯ ಕಾರಣ ಹುಡುಕುತ್ತಾ ಅವರ ಅಡುಗೆಮನೆಗಳ ಆಹಾರವನ್ನೇ ಅಭ್ಯಸಿಸಿದರು. ಅತಿ ಕಳಪೆ ಆಹಾರವೂ ಅತಿ ಹೆಚ್ಚು ರಕ್ತಹೀನತೆಯೂ ಬಡ ಮುಸ್ಲಿಮ್ ಮಹಿಳೆಯರಲ್ಲಿ ಕಂಡುಬಂದವು. ಯೀಸ್ಟಿನ ಸಾರದಿಂದ ಈ ಮಹಿಳೆಯರು ಚೇತರಿಸಿಕೊಂಡದ್ದನ್ನು ಅವರು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಫೋಲೇಟ್ ಎಂಬುದು ನಂತರ ತಿಳಿಯಿತು.

ಫೋಲೇಟ್ ಕೊರತೆಯ ರಕ್ತಹೀನತೆ ಮತ್ತು ಬಿ12 ಕೊರತೆಯ ರಕ್ತಹೀನತೆ ಸೂಕ್ಷ್ಮದರ್ಶಕದಲ್ಲಿ ಒಂದೇ ತರಹ ಕಾಣುತ್ತವೆ. ಅಪಾಯ ಇರುವುದು ಇಲ್ಲೇ. ಬಿ12 ಕೊರತೆ ಇರುವವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಆದರೆ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಮನೆಯ ಗರ್ಭಿಣಿ ಸೊಸೆಗೋ ಮಗಳಿಗೋ ಕೊಟ್ಟ ಐರನ್-ಫೋಲಿಕ್ ಮಾತ್ರೆ ಉಳಿದಿದ್ದರೆ "ಸುಸ್ತಿಗೆ ಒಳ್ಳೆಯದು" ಎಂದು ಅಜ್ಜಿಗೆ ಕೊಡುವ ರೂಢಿ ಅನೇಕ ಕಡೆ ಇದೆ. ಅದು ಬೇಡ. ಮೊದಲು ಬಿ12 ಪರೀಕ್ಷೆಯಾಗಲಿ.

ರಕ್ತನಾಳಗಳ ವಿಚಾರ

ನಾವು ತಿನ್ನುವ ಪ್ರೋಟೀನು ದೇಹದಲ್ಲಿ ಬಳಕೆಯಾಗುವಾಗ ‘ಹೋಮೋಸಿಸ್ಟೀನ್’ ಎಂಬ ಪದಾರ್ಥ ಉಂಟಾಗುತ್ತದೆ. ಬಿ12, ಫೋಲೇಟ್ ಮತ್ತು ಬಿ6 ಅದನ್ನು ಕೂಡಲೇ ಬೇರೆ ಉಪಯುಕ್ತ ರೂಪಕ್ಕೆ ಬದಲಾಯಿಸುತ್ತವೆ. ಇವುಗಳ ಕೊರತೆಯಾದರೆ ಹೋಮೋಸಿಸ್ಟೀನ್ ರಕ್ತದಲ್ಲಿ ಏರುತ್ತದೆ. ಅದು ಹೆಚ್ಚಿರುವವರಲ್ಲಿ ರಕ್ತನಾಳಗಳ ಒಳಪದರ ಹಾಳಾಗುವುದು, ರಕ್ತ ಹೆಪ್ಪುಗಟ್ಟುವುದು, ಪಾರ್ಶ್ವವಾಯು ಮತ್ತು ಮರೆಗುಳಿತನ ಹೆಚ್ಚಾಗಿ ಕಂಡುಬರುತ್ತವೆ. ಈ ನಂಟಿನತ್ತ 1969ರಲ್ಲಿ ಮೊದಲು ಗಮನ ಸೆಳೆದವರು ಅಮೆರಿಕದ ಕಿಲ್ಮರ್ ಮೆಕ್‌ಕಲಿ.

ಹಾಗಾದರೆ ಎಲ್ಲರೂ ಬಿ ವಿಟಮಿನ್ ಮಾತ್ರೆ ನುಂಗಿದರೆ ಪಾರ್ಶ್ವವಾಯು ತಪ್ಪೀತೇ? ಅಷ್ಟು ಸುಲಭವಿಲ್ಲ. ಭಾರತವೂ ಸೇರಿದಂತೆ 20 ದೇಶಗಳ 8,164 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ (2010) ಈ ಮಾತ್ರೆಗಳಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಇನ್ನೊಂದೆಡೆ, ಚೀನಾದಲ್ಲಿ ರಕ್ತದೊತ್ತಡವಿದ್ದ 20,702 ಮಂದಿಯ ಅಧ್ಯಯನದಲ್ಲಿ (2015) ಒತ್ತಡದ ಮಾತ್ರೆಯ ಜೊತೆ ಫೋಲಿಕ್ ಆಸಿಡ್ ಕೊಟ್ಟಾಗ ಮೊದಲ ಪಾರ್ಶ್ವವಾಯುವಿನ ಪ್ರಮಾಣ ಶೇ. 3.4ರಿಂದ ಶೇ. 2.7ಕ್ಕೆ ಇಳಿಯಿತು. ಫೋಲೇಟ್ ಕಡಿಮೆಯಿದ್ದವರಿಗೆ ಹೆಚ್ಚು ಲಾಭವಾಯಿತು. ಆಕ್ಸ್‌ಫರ್ಡಿನಲ್ಲಿ 70 ದಾಟಿದ, ಅಲ್ಪ ಮರೆವಿದ್ದ ಹಿರಿಯರಿಗೆ ಎರಡು ವರ್ಷ ಬಿ ವಿಟಮಿನ್‌ಗಳನ್ನು ಕೊಟ್ಟು ಸ್ಕ್ಯಾನ್ ಮಾಡಿದಾಗ (2010) ಅವರ ಮಿದುಳು ಕುಗ್ಗುವ ವೇಗ ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಹೋಮೋಸಿಸ್ಟೀನ್ ಹೆಚ್ಚಿದ್ದವರಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಿತ್ತು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ತಿಳಿಯುವುದು ಇಷ್ಟು: ಕೊರತೆ ಇರುವವರಿಗೆ ಅದನ್ನು ತುಂಬುವುದರಿಂದ ಲಾಭ ಇದೆ. ಕೊರತೆ ಇಲ್ಲದವರು ಹೆಚ್ಚುವರಿ ಮಾತ್ರೆ ನುಂಗಿದರೆ ಮಿದುಳು ಚುರುಕಾಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟವರಿಗೆ ಹೆಚ್ಚು ಪ್ರಮಾಣದ ಬಿ ವಿಟಮಿನ್ ಮಿಶ್ರಣ ಕೊಟ್ಟ ಒಂದು ಅಧ್ಯಯನದಲ್ಲಿ ಹಾನಿಯೇ ಆಯಿತು. ಅಂಥವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಇನ್ನು ರಕ್ತನಾಳಗಳನ್ನು ಕಾಯುವ ಮುಖ್ಯ ಕೆಲಸಗಳು ಯಾವ ವಿಟಮಿನ್ನಿನಿಂದಲೂ ಆಗುವುದಿಲ್ಲ: ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ಬೀಡಿ-ಸಿಗರೇಟು-ತಂಬಾಕು ಬಿಡುವುದು, ಉಪ್ಪು ಕಡಿಮೆ ಮಾಡುವುದು, ದಿನವೂ ನಡೆಯುವುದು.

ಇಲ್ಲೊಂದು ಮುಖ್ಯ ವ್ಯತ್ಯಾಸ ನೆನಪಿರಲಿ. ಬಿ12 ಕೊರತೆಯ ಲಕ್ಷಣಗಳು ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತವೆ. ಇದ್ದಕ್ಕಿದ್ದಂತೆ ಬಾಯಿ ವಾರೆಯಾದರೆ, ಒಂದು ಕಡೆಯ ಕೈಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಆಗಿರಬಹುದು. ಆಗ ವಿಟಮಿನ್ ಪರೀಕ್ಷೆ ಎಂದು ಕಾಯುವುದಾಗಲಿ, ಎಣ್ಣೆ ಉಜ್ಜುವುದಾಗಲಿ, ಬಾಯಿಗೆ ನೀರು ಹಾಕುವುದಾಗಲಿ ಬೇಡ. ಕೂಡಲೇ 108ಕ್ಕೆ ಕರೆ ಮಾಡಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ.

ವಿಟಮಿನ್ ಡಿ ಬಗ್ಗೆ ಎರಡು ಮಾತು

ಹೆಚ್ಚಾಗಿ ಮನೆಯೊಳಗೇ ಇರುವ ಹಿರಿಯರಲ್ಲಿ, ಮೈ ಪೂರ್ತಿ ಮುಚ್ಚುವ ಉಡುಪು ಧರಿಸುವವರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ಮೂಳೆ ಮತ್ತು ಸ್ನಾಯುಗಳ ಬಲಕ್ಕೆ ಅದು ಬೇಕು. ಮನೆಯ ಅಂಗಳದಲ್ಲೋ ತಾರಸಿಯ ಮರೆಯಲ್ಲೋ ಕೈಕಾಲಿಗೆ ಒಂದಿಷ್ಟು ಬಿಸಿಲು ತಾಗಿಸಿಕೊಳ್ಳುವುದು ಒಳ್ಳೆಯದು. ಆದರೆ ಹೃದಯ, ರಕ್ತನಾಳಗಳಿಗೆ ರಕ್ಷಣೆಯೆಂದು ಎಲ್ಲರೂ ಇದರ ಮಾತ್ರೆ ನುಂಗಬೇಕಿಲ್ಲ. 25,871 ಮಂದಿಯ ಮೇಲೆ ನಡೆದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಅಂಥ ರಕ್ಷಣೆ ಕಾಣಲಿಲ್ಲ. ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್ಟಿನ ಪುಡಿಯನ್ನು ದಿನಕ್ಕೊಂದರಂತೆ ಸೇವಿಸುವ ತಪ್ಪೂ ಆಗುವುದುಂಟು. ಅದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಗೊಂದಲ, ವಾಂತಿ, ಮೂತ್ರಪಿಂಡದ ಹಾನಿ ಆಗಬಹುದು. ಚೀಟಿಯನ್ನು ಸರಿಯಾಗಿ ಓದಿಸಿಕೊಳ್ಳಿ.

ಪರೀಕ್ಷೆ ಹೇಗೆ?

ರಕ್ತದ ಬಿ12 ಪರೀಕ್ಷೆ ಹೆಚ್ಚಿನ ಲ್ಯಾಬ್‌ಗಳಲ್ಲಿ ಲಭ್ಯ. ಸಾಮಾನ್ಯವಾಗಿ 200 ಪಿಕೋಗ್ರಾಂಗಿಂತ (ಪ್ರತಿ ಮಿಲಿಲೀಟರಿಗೆ) ಕಡಿಮೆಯಿದ್ದರೆ ಕೊರತೆ, 200ರಿಂದ 300ರ ನಡುವೆ ಇದ್ದರೆ ಅನುಮಾನದ ಗಡಿ. ಗಡಿಯಲ್ಲಿದ್ದು ಲಕ್ಷಣಗಳೂ ಇದ್ದರೆ ಹೋಮೋಸಿಸ್ಟೀನ್ ಅಥವಾ ಮೀಥೈಲ್ ಮೆಲೋನಿಕ್ ಆಸಿಡ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದು. ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಪರೀಕ್ಷಿಸಿದರೆ ಪ್ರಮಾಣ ಹೆಚ್ಚೇ ತೋರುತ್ತದೆ. ಆದ್ದರಿಂದ ಸುಸ್ತೆಂದು ಸೂಜಿ ಹಾಕಿಸುವ ಮೊದಲೇ ರಕ್ತ ಕೊಡಬೇಕು.

ವೈದ್ಯರ ಬಳಿ ಹೋಗುವಾಗ ಹಿರಿಯರು ಸೇವಿಸುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ. ಮೆಟ್‌ಫಾರ್ಮಿನ್ ಎಷ್ಟು ವರ್ಷಗಳಿಂದ ಎಂಬುದನ್ನು ಹೇಳಿ. ಮರೆವಿಗೆ ಬೇರೆ ಕಾರಣಗಳೂ ಇವೆ: ಥೈರಾಯ್ಡ್ ಕೊರತೆ, ಖಿನ್ನತೆ, ಕಿವಿ ಕೇಳದಿರುವುದು, ನಿದ್ದೆ ಮಾತ್ರೆ, ತಲೆಗೆ ಪೆಟ್ಟು. ಅವನ್ನೂ ನೋಡಬೇಕು.

ಚಿಕಿತ್ಸೆ

ನರದ ತೊಂದರೆ ಇದ್ದರೆ ಸಾಮಾನ್ಯವಾಗಿ ಮೊದಲು ಇಂಜೆಕ್ಷನ್. ಆರಂಭದಲ್ಲಿ ಪದೇ ಪದೇ, ಆಮೇಲೆ ತಿಂಗಳಿಗೊಂದು ಅಥವಾ ವೈದ್ಯರು ಹೇಳಿದ ಅಂತರದಲ್ಲಿ. ಸೌಮ್ಯ ಕೊರತೆಗೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯೂ ಹಲವರಿಗೆ ಸಾಕಾಗುತ್ತದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಜಠರದ ನೆರವಿಲ್ಲದೆಯೂ ಸುಮಾರು ನೂರರಲ್ಲಿ ಒಂದು ಪಾಲು ರಕ್ತಕ್ಕೆ ಸೇರುತ್ತದೆ. ಇದು ದುಬಾರಿ ಚಿಕಿತ್ಸೆಯೇನಲ್ಲ. ಹೀರಿಕೆಯಲ್ಲೇ ಶಾಶ್ವತ ದೋಷವಿರುವವರು ಜೀವನವಿಡೀ ಮುಂದುವರಿಸಬೇಕಾಗುತ್ತದೆ. ಸ್ವಲ್ಪ ಗುಣವಾಯಿತೆಂದು ನಿಲ್ಲಿಸಿದರೆ ಕ್ರಮೇಣ ಮತ್ತೆ ಅದೇ ಸ್ಥಿತಿ.

ಅಂಗಡಿಯಲ್ಲಿ "ನರದ ಮಾತ್ರೆ" ಎಂದು ಕೇಳಿ ತರಬೇಡಿ. ಅಂಥ ಹಲವು ಮಾತ್ರೆಗಳಲ್ಲಿ ಬಿ12 ಜೊತೆ ಪ್ರಿಗ್ಯಾಬಲಿನ್ ಎಂಬ ಔಷಧವೂ ಇರುತ್ತದೆ. ಅದು ಹಿರಿಯರಲ್ಲಿ ಮಂಪರು ತಂದು ಬೀಳಿಸಬಹುದು. ಬಿ6 ಅತಿಯಾದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ.

ಮಾತ್ರೆಗಳಲ್ಲಿರುವ ಬಿ12 ಬ್ಯಾಕ್ಟೀರಿಯಾಗಳಿಂದ ತಯಾರಾದದ್ದು. ಕ್ಯಾಪ್ಸೂಲಿನ ಹೊರಕವಚದ ಜೆಲಾಟಿನ್ ಬಗ್ಗೆ ಸಂಶಯವಿರುವವರು ಗುಳಿಗೆ ಅಥವಾ ಸಸ್ಯಮೂಲದ ಕವಚವಿರುವುದನ್ನು ಕೇಳಿ ಪಡೆಯಬಹುದು. ರಮಝಾನಿನಲ್ಲಿ ಮಾತ್ರೆಯನ್ನು ಇಫ್ತಾರ್ ನಂತರ ಸೇವಿಸಬಹುದು. ತಿಂಗಳಿಗೊಮ್ಮೆಯ ಇಂಜೆಕ್ಷನನ್ನೂ ಸಂಜೆಯ ಬಳಿಕ ಹಾಕಿಸಿಕೊಳ್ಳಲು ಅಡ್ಡಿಯಿಲ್ಲ.

ಫಲ ಯಾವಾಗ? ರಕ್ತ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ನರಗಳಿಗೆ ಆರು ತಿಂಗಳಿಂದ ಒಂದು ವರ್ಷದವರೆಗೂ ಬೇಕಾದೀತು. ಬಹುಕಾಲದ ಹಾನಿ ಪೂರ್ತಿ ಸರಿಹೋಗದಿರಬಹುದು, ಆದರೆ ಮುಂದಿನ ಹಾನಿಯಾದರೂ ನಿಲ್ಲುತ್ತದೆ. ಎಲ್ಲ ಮರೆವೂ ಬಿ12ರಿಂದ ಬಂದದ್ದಲ್ಲ. ಆಲ್ಝೈಮರ್ ಕಾಯಿಲೆಯಲ್ಲಿ ಈ ಇಂಜೆಕ್ಷನ್ನಿನಿಂದ ನೆನಪು ಮರಳದು. ಆ ಆಸೆ ಹುಟ್ಟಿಸುವವರನ್ನು ನಂಬಬೇಡಿ.

ಹಿರಿಯರ ತಟ್ಟೆ

ಒಂದು ಹೊತ್ತಿನ ಊಟದಿಂದ ದೇಹ ಹೀರಿಕೊಳ್ಳಬಲ್ಲ ಬಿ12 ಸುಮಾರು 1.5ರಿಂದ 2 ಮೈಕ್ರೋಗ್ರಾಂ ಮಾತ್ರ. ಆದ್ದರಿಂದ ವಾರಕ್ಕೊಮ್ಮೆ ಬಿರಿಯಾನಿಯ ಭರ್ಜರಿ ಊಟಕ್ಕಿಂತ ದಿನವೂ ಸ್ವಲ್ಪ ಸ್ವಲ್ಪ ಸಿಗುವುದು ಮೇಲು. ಬೂತಾಯಿ, ಬಂಗುಡೆಯಂಥ ಮೀನುಗಳು ಬಿ12ರಲ್ಲಿ ಸಮೃದ್ಧ, ಮೆತ್ತಗೆ ಬೇಯುತ್ತವೆ, ರಕ್ತನಾಳಗಳಿಗೂ ಒಳ್ಳೆಯದು. ಕರಿಯುವ ಬದಲು ಸಾರು ಮಾಡಿ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ, ಒಂದು ಮೊಟ್ಟೆಯಲ್ಲಿ ಅದರ ಅರ್ಧದಷ್ಟು ಇದೆ. ಲಿವರ್ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸಾಕು, ಯೂರಿಕ್ ಆಸಿಡ್ ಹೆಚ್ಚಿರುವವರು ಬಿಡುವುದು ಒಳ್ಳೆಯದು. ನಾವು ಅತಿ ಹೆಚ್ಚು ತಿನ್ನುವ ಕೋಳಿಮಾಂಸದಲ್ಲಿ ಬಿ12 ಕಡಿಮೆ. ಹಲ್ಲಿಲ್ಲದವರಿಗೆ ಆಡಿನ ಮಾಂಸವನ್ನು ಕೀಮಾ ಮಾಡಿ ಬೇಯಿಸಿ ಕೊಡಬಹುದು. ಜೊತೆಗೆ ಫೋಲೇಟ್‌ಗಾಗಿ ಬಸಳೆ, ಪಾಲಕ್, ಹರಿವೆ, ಹೆಸರುಕಾಳು. ಸೊಪ್ಪನ್ನು ಹೆಚ್ಚು ಹೊತ್ತು ಕುದಿಸಿ ನೀರು ಚೆಲ್ಲಬೇಡಿ.

ಮೇಲೆ ಹೇಳಿದ ಅಜ್ಜಿಯ ಮನೆಗೆ ಮರಳೋಣ. ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ ಮನೆಯಲ್ಲಿ ನಗುವೋ ಗೊಣಗಾಟವೋ ಆಗುತ್ತದೆ. ಅವರಿಗದು ಕೇಳಿಸುತ್ತದೆ, ನೋಯುತ್ತದೆ. ಕ್ರಮೇಣ ಅವರು ಅಡುಗೆಮನೆಗೆ ಬರುವುದನ್ನೂ ಮಾತನ್ನೂ ಕಡಿಮೆ ಮಾಡುತ್ತಾರೆ. ಆ ಮೌನವನ್ನು ನಾವು ಮತ್ತೆ ಮುಪ್ಪಿನ ಲೆಕ್ಕಕ್ಕೇ ಸೇರಿಸುತ್ತೇವೆ. ಹಾಗಾಗದಿರಲಿ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆಯ ಮಾತ್ರೆ ಸೇವಿಸುವವರು ಇದ್ದರೆ, ಮುಂದಿನ ಸಲ ಸಕ್ಕರೆ ಪರೀಕ್ಷೆಗೆ ಕರೆದೊಯ್ಯುವಾಗ ಬಿ12 ಕೂಡ ನೋಡೋಣವೇ ಎಂದು ವೈದ್ಯರನ್ನು ಕೇಳಿ. ಅಂದು ರಾತ್ರಿ ಅವರ ಪಕ್ಕದಲ್ಲಿ ಕುಳಿತು, ಕಾಲು ಹೇಗಿದೆ, ನಡೆಯುವಾಗ ಹೇಗನಿಸುತ್ತದೆ ಎಂದೂ ವಿಚಾರಿಸಿ. ಕೇಳುವವರಿಲ್ಲದೆ ಎಷ್ಟೋ ಹಿರಿಯರು ಇದನ್ನು ಯಾರಿಗೂ ಹೇಳಿರುವುದಿಲ್ಲ.